ಹತ್ತು ನಿಮಿಷ ಹುಡುಕಿದರೂ ಸಿಗದ ವೈರು

ಬೆಳಗಿನ ಆರು ಗಂಟೆ. ಉಶಿಕುಬೊ ತಾಮಿಕೊ ಅವರನ್ನು ಮಾತಾಡಿಸಲು ಹೋದರೆ ಮೊದಲು ಕಾಣುವುದು ಅವರ ಪಾದಗಳು. ದಪ್ಪ ಉಣ್ಣೆಯ ಕಾಲುಚೀಲ ತೊಟ್ಟ ಎರಡು ಪಾದಗಳು ಬೂದು ಬಣ್ಣದ ಕಾರೊಂದರ ಸೀಟಿಗೆ ಆತು ಮೇಲಕ್ಕೆ ಚಾಚಿಕೊಂಡಿವೆ. ತಲೆ, ಭುಜ, ಕೈ, ಹಲ್ಲಲ್ಲಿ ಕಚ್ಚಿಕೊಂಡ ಟಾರ್ಚು ಎಲ್ಲವೂ ಸ್ಟಿಯರಿಂಗಿನ ಕೆಳಗೆ, ಪೆಡಲುಗಳ ಪಕ್ಕದ ಕತ್ತಲಿನಲ್ಲಿವೆ. ಹೊರಗೆ ನೆಲಕ್ಕೆ ಹಾಸಿದ ಹಳೆಯ ಪತ್ರಿಕೆಯ ಮೇಲೆ ಅವರ ಬೂಟುಗಳು ಬಾಗಿಲ ಕಡೆ ಮುಖ ಮಾಡಿ ಜೋಡಿಯಾಗಿ ಕೂತಿವೆ. ಗಿರಾಕಿಯ ಕಾರಿನೊಳಗೆ ಬೂಟು ಹಾಕಿಕೊಂಡು ಹೋಗುವುದೂ ಒಂದೇ, ಕಂಡವರ ಮನೆಯ ಚಾಪೆ ತುಳಿಯುವುದೂ ಒಂದೇ ಎಂದು ತಾಮಿಕೊ ನಂಬಿದ್ದಾರೆ.

ಬಂದೆ ಎಂದರೆ ಒಳಗಿನಿಂದ "ಹೂಂ" ಎಂಬ ಸದ್ದು ಬರುತ್ತದೆ. ಟಾರ್ಚು ಬಾಯಲ್ಲಿರುವಾಗ ಅವರ ಮಾತೆಲ್ಲ ಇಷ್ಟೇ. ಐದು ನಿಮಿಷದ ಮೇಲೆ, ಹಿಂದುಹಿಂದಕ್ಕೆ ಜಾರುತ್ತ, ತಮ್ಮ ಮೊಣಕಾಲಿಗೇ ಒಂದು ಬೈಗುಳ ಹಾಕಿ ಹೊರಬರುತ್ತಾರೆ. ವಯಸ್ಸು ಅರವತ್ತೆರಡು, ಎತ್ತರ ಐದಡಿಗೆ ಎರಡು ಇಂಚು ಕಡಿಮೆ. ತಲೆಗೆ ಸುತ್ತಿದ ಟವೆಲು, ಕೆನ್ನೆಯ ಮೇಲೊಂದು ಕಪ್ಪು ಗೆರೆ, ಮುಖದ ತುಂಬ ನಗು.

"ಈ ಕೆಲಸಕ್ಕೇ ಅಂತ ದೇವರು ನನ್ನನ್ನ ಅಳತೆ ತಗೊಂಡು ಹೊಲಿದಿದಾನೆ. ಎತ್ತರದವರು ಇದರೊಳಗೆ ಹೋದ್ರೆ ಎಳೆದು ಹಾಕೋಕೆ ಇನ್ನಿಬ್ರು ಬೇಕು" ಎನ್ನುತ್ತಾರೆ.

ಕಾರಿಗೆ ರಾಡಾರ್ ಡಿಟೆಕ್ಟರ್ ಕೂರಿಸುವುದು ತಾಮಿಕೊ ಅವರ ಕಸುಬು. ಮುಂದೆ ರಸ್ತೆಬದಿಯಲ್ಲಿ ವೇಗ ಅಳೆಯುವ ಕ್ಯಾಮೆರಾ ಇದ್ದರೆ ಮೊದಲೇ ಕೂಗಿ ಹೇಳುವ, ಅಂಗೈಯಗಲದ ಪೆಟ್ಟಿಗೆ ಅದು. ಅಂಗಡಿಯಿಂದ ತಂದು, ಸಿಗರೇಟು ಹಚ್ಚುವ ತೂತಿಗೆ ಪ್ಲಗ್ ಚುಚ್ಚಿ, ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿಬಿಟ್ಟರೆ ಯಾರು ಬೇಕಾದರೂ ಕೂರಿಸಬಹುದು. ಆಗ ವೈರು ಗಾಜಿನ ಮುಂದೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತಾಡುತ್ತದೆ, ಗೇರ್ ಹಾಕುವಾಗ ಕೈಗೆ ತೊಡರುತ್ತದೆ. ತಾಮಿಕೊ ಕೂರಿಸಿದರೆ ಪೆಟ್ಟಿಗೆ ಮಾತ್ರ ಕಾಣುತ್ತದೆ. ವೈರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಕಾರಿನ ಒಡೆಯರಿಗೂ ತಿಳಿಯುವುದಿಲ್ಲ. ಹೋದ ವರ್ಷ ತೋಫು ಮಾಡುವ ಗಿರಾಕಿಯೊಬ್ಬರು ಇದಕ್ಕೆ ವೈರೇ ಇಲ್ಲ, ಒಳಗೆ ಸೆಲ್ಲು ಇರಬೇಕು ಎಂದುಕೊಂಡು, ಹೆಂಡತಿಯ ಕಾರಿಗೆ ಹಾಕಲು ಪೆಟ್ಟಿಗೆಯನ್ನು ಕಿತ್ತೇಬಿಟ್ಟರು. ಆ ಕಥೆ ಹೇಳುವಾಗ ತಾಮಿಕೊ ಆ ಗಿರಾಕಿಯನ್ನು ಬೈಯುವ ಹಾಗೆ ನಟಿಸುತ್ತಾರೆ. ಒಳಗೊಳಗೆ ಬಿರುದು ಬಂದಷ್ಟು ಖುಷಿ.

ನಸುಕಿನಲ್ಲೇ ಕೆಲಸ ಶುರುಮಾಡಲು ಕಾರಣ ಗಾಳಿ. ನಮ್ಮ ಕಿರ್ಯೂ ಊರಿನಲ್ಲಿ ಫೆಬ್ರವರಿ ತಿಂಗಳೆಂದರೆ ಅಕಾಗಿ ಬೆಟ್ಟದಿಂದ ಇಳಿಯುವ ಒಣಗಾಳಿಯ ತಿಂಗಳು. ಎಂಟೂವರೆ ಒಂಬತ್ತಕ್ಕೆ ಶುರುವಾದರೆ ಸಂಜೆಯವರೆಗೂ ಬಿಡುವುದಿಲ್ಲ. ಗದ್ದೆಯ ಮಣ್ಣೆಲ್ಲ ಊರೊಳಗೆ ಬರುತ್ತದೆ, ಹಲ್ಲಿನ ಸಂದಿಯಲ್ಲೂ ಕರಕರ ಎನ್ನುತ್ತದೆ. ಪೆಟ್ಟಿಗೆ ಕೂರಿಸುವ ಅಂಟಿನ ಕೆಳಗೆ ಒಂದು ಕಣ ದೂಳು ಸಿಕ್ಕಿಕೊಂಡರೂ ಬೇಸಿಗೆಯಲ್ಲಿ ಅದು ಬಿಟ್ಟುಕೊಳ್ಳುತ್ತದೆ. ಹಾಗಾಗಿ ಗಾಳಿ ಏಳುವ ಮೊದಲೇ ಅಂಟಿಸುವ ಕೆಲಸ ಮುಗಿಯಬೇಕು. ಗಾಳಿಯನ್ನು ಇಷ್ಟು ವರ್ಷ ಬೈದುಕೊಂಡೇ ಬದುಕಿದ ಹೆಂಗಸು ಇವರು. ಇವತ್ತು ಆ ಗಾಳಿಯ ಜೊತೆ ರಾಜಿ ಮಾಡಿಕೊಳ್ಳಬೇಕಾಗುತ್ತದೆ ಎಂದು ಈ ಹೊತ್ತಿಗೆ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇವತ್ತಿನ ಕಾರು ಬೇರೆ ಯಾರದೋ ಅಲ್ಲ, ಅವರಿಗೆ ಈ ಕಸುಬು ಕಲಿಸಿದ ಗುರು ನೆಗಿಶಿ ಶೋಹೇಯಿ ಅವರದು. ಎಂಬತ್ತನಾಲ್ಕು ವರ್ಷದ ನೆಗಿಶಿ ನಾಳೆ ಸೋಮವಾರ ಪೊಲೀಸ್ ಠಾಣೆಗೆ ಹೋಗಿ ತಮ್ಮ ಡ್ರೈವಿಂಗ್ ಲೈಸೆನ್ಸನ್ನು ತಾವಾಗಿಯೇ ಒಪ್ಪಿಸಿಬಿಡುತ್ತಾರೆ. ವಯಸ್ಸಾಯಿತು, ಇನ್ನು ಓಡಿಸುವುದಿಲ್ಲ. ಕಾರು ಮೊಮ್ಮಗಳು ಚಿಹಾರು ಪಾಲಿಗೆ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಆಕೆ. ದಿನಕ್ಕೆ ಎಂಟು ಮನೆ, ಎಲ್ಲ ಕಡೆಗೂ ಅವಸರ. ಐದು ವರ್ಷ ಒಂದೂ ತಪ್ಪಿಲ್ಲದೆ ಓಡಿಸಿದವರಿಗೆ ಸಿಗುವ ಚಿನ್ನದ ಪಟ್ಟಿಯ ಲೈಸೆನ್ಸು ತಾತನ ಹತ್ತಿರ ಮೂವತ್ತು ವರ್ಷದಿಂದ ಇದೆ, ಮೊಮ್ಮಗಳ ಚಿನ್ನದ ಪಟ್ಟಿ ಹೋದ ಶರತ್ಕಾಲದಲ್ಲಿ ಅತಿವೇಗದಿಂದ ಹೋಯಿತು. ಕಾರಿನಲ್ಲಿದ್ದ ಹಳೆಯ ಡಿಟೆಕ್ಟರಿಗೆ ಈಗಿನ ಹೊಸ ಕ್ಯಾಮೆರಾಗಳ ಗುರುತೇ ಸಿಗುವುದಿಲ್ಲ. ಅದನ್ನು ತೆಗೆದು ಹೊಸದು ಕೂರಿಸಬೇಕು ಎಂದು ನೆಗಿಶಿ ನಿನ್ನೆ ಸಂಜೆ ಕಾರು ಬಿಟ್ಟುಹೋಗಿದ್ದಾರೆ.

ಬಿಟ್ಟುಹೋಗುವಾಗ ಅವರು ಹೇಳಿದ್ದು ಎರಡೇ ಪದ: "ಹತ್ತು ನಿಮಿಷ."

ಈ ಹತ್ತು ನಿಮಿಷಕ್ಕೆ ಇಪ್ಪತ್ತಾರು ವರ್ಷದ ಚರಿತ್ರೆ ಇದೆ. ತಾಮಿಕೊ ಅವರ ತಾಯಿ ರೇಷ್ಮೆ ಮಗ್ಗದವರು. ಸೊಂಟಕ್ಕೆ ಕಟ್ಟುವ ಓಬಿ ಪಟ್ಟಿಗಳನ್ನು ನೇಯುತ್ತಿದ್ದರು. ನೇಯ್ದದ್ದನ್ನು ಯಾರಾದರೂ ಹೊಗಳಿದರೆ ಆ ತಾಯಿ ಬಟ್ಟೆಯನ್ನು ತಿರುಗಿಸಿ ಹಿಂಭಾಗ ತೋರಿಸುತ್ತಿದ್ದರಂತೆ, ಮೊದಲು ಇದನ್ನು ನೋಡಿ ಆಮೇಲೆ ಹೇಳಿ ಎಂದು. ತಾಮಿಕೊ ಕೂಡ ಹದಿನೆಂಟಕ್ಕೆ ಮಗ್ಗಕ್ಕೆ ಕೂತರು. ನಾಲ್ಕೇ ವರ್ಷಕ್ಕೆ ಆ ಕಾರ್ಖಾನೆ ಮುಚ್ಚಿತು. ಎದುರುಬೀದಿಯಲ್ಲಿ ಕಾರುಗಳ ವಿದ್ಯುತ್ ಕೆಲಸ ಮಾಡುತ್ತಿದ್ದ ನೆಗಿಶಿ ಒಂದು ದಿನ ಬಂದು, ದಾರ ಹಿಡಿಯುವ ಕೈ ಬೇಕಿತ್ತು, ಯಾರಾದರೂ ಇದ್ದಾರಾ ಎಂದು ಕೇಳಿದರು. ಬಂದದ್ದು ಹುಡುಗರನ್ನು ಕರೆದೊಯ್ಯಲು. ಆ ಹುಡುಗರಲ್ಲಿ ಒಬ್ಬರಿಗೂ ಸಿಕ್ಕಿಕೊಂಡ ದಾರ ಬಿಡಿಸುವ ತಾಳ್ಮೆ ಇರಲಿಲ್ಲ, ತಾಮಿಕೊಗೆ ಇತ್ತು.

"ಹದಿನಾಲ್ಕು ವರ್ಷ ಅವರ ಕೈಕೆಳಗಿದ್ದೆ. ಚೆನ್ನಾಗಿದೆ ಅಂತ ಒಂದು ಸಲಾನೂ ಅಂದಿಲ್ಲ. ಸುಮ್ನೆ ಮುಂದಿನ ಕಾರಿನ ಕಡೆ ಹೋದ್ರೆ ಚೆನ್ನಾಗಿದೆ ಅಂತ ಅರ್ಥ. ನಿಂತ್ಕೊಂಡ್ರೆ ಮುಗೀತು, ಎಲ್ಲಾ ಬಿಚ್ಚಬೇಕು" ಎಂದು ತಾಮಿಕೊ ಗುರುವಿನ ಹಾಗೆ ಸೊಂಟಕ್ಕೆ ಕೈಯಿಟ್ಟು, ಮೂಗು ಅರಳಿಸಿ ತೋರಿಸುತ್ತಾರೆ. ನೆಗಿಶಿ ಅವರನ್ನು ನೋಡಿದವರಿಗೆ ಇದು ನೂರಕ್ಕೆ ನೂರು ಅವರೇ.

ಮೂವತ್ತಾರನೆಯ ವಯಸ್ಸಿನಲ್ಲಿ ತಾಮಿಕೊ ಸ್ವಂತ ಬೋರ್ಡು ಹಾಕಿದರು. ಎರಡು ಕಾರು ಹಿಡಿಯುವ ತಗಡಿನ ಶೆಡ್ಡು, ವಾತಾರಾಸೆ ಹೊಳೆಯ ಏರಿಗೆ ಹೊಂದಿಕೊಂಡು. ಬೋರ್ಡು ಹಾಕಿದ ವಾರ ನೆಗಿಶಿ ತಮ್ಮ ಹೊಸ ಕಾರು ತಂದು ನಿಲ್ಲಿಸಿ ಷರತ್ತು ಹೇಳಿದರು. ನೀನು ಡಿಟೆಕ್ಟರ್ ಕೂರಿಸು, ನಾನು ಹತ್ತು ನಿಮಿಷ ಹುಡುಕುತ್ತೇನೆ. ಕಣ್ಣು, ಕಿವಿ, ಬೆರಳು, ಇಷ್ಟೇ, ಉಪಕರಣ ಮುಟ್ಟುವುದಿಲ್ಲ. ಪೆಟ್ಟಿಗೆ ಬಿಟ್ಟು ಬೇರೆ ಯಾವುದಾದರೂ ಒಂದು ಜಾಗ ತೋರಿಸಿ ಇಲ್ಲಿ ಕೈ ಆಡಿದೆ ಎಂದು ನನಗೆ ಹೇಳಲಾದರೆ ನೀನು ಸೋತೆ. ಸಿಗದಿದ್ದರೆ ಆ ದಿನದಿಂದ ನೀನೂ ಈ ಕಸುಬಿನವಳು.

ಅವತ್ತಿನಿಂದ ನಾಲ್ಕು ಕಾರು ಬದಲಾದವು, ತಾಮಿಕೊ ನಾಲ್ಕು ಸಲ ಸೋತರು. ಮೊದಲನೆಯದರಲ್ಲಿ ವೈರು ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯ ಕತ್ತರಿಸಿದ ತುದಿ ಚೂಪಾಗಿತ್ತು. ಗುರುವಿನ ಬೆರಳಿಗೆ ಗೀರಿತು. ಎರಡನೆಯದು ರೈಲ್ವೆ ಗೇಟು ದಾಟುವಾಗ ಟಿಕ್ ಎಂದಿತು. ಮೂರನೆಯದರಲ್ಲಿ ಬಾಗಿಲ ಚೌಕಟ್ಟಿನ ರಬ್ಬರು ಒಂದು ಗೇಣಿನಷ್ಟು ಜಾಗದಲ್ಲಿ ಉಳಿದ ಕಡೆಗಿಂತ ಬಿಗಿಯಾಗಿ ಕೂತಿತ್ತು. ನಾಲ್ಕನೆಯದು ಇದೇ ಬೂದು ಕಾರು, ಹದಿನಾಲ್ಕು ವರ್ಷದ ಹಿಂದೆ. ಆ ಸೋಲನ್ನು ಹೇಳುವಾಗ ತಾಮಿಕೊ ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾರೆ.

ಏರ್‌ಬ್ಯಾಗಿನ ಹತ್ತಿರ ಕೈ ಹಾಕುವ ಮುಂಚೆ ಬ್ಯಾಟರಿಯ ವೈರು ಬಿಚ್ಚಬೇಕು. ಬಿಚ್ಚಿದರೆ ಕಾರಿನ ಗಡಿಯಾರ ಸೊನ್ನೆಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಒಳ್ಳೆಯ ಕೆಲಸಗಾರ್ತಿಯ ಹಾಗೆ ತಾಮಿಕೊ ರೇಡಿಯೊ ಹಚ್ಚಿ, ಸಮಯದ ಸೂಚನೆ ಕೇಳಿ, ಗಡಿಯಾರವನ್ನು ಸೆಕೆಂಡೂ ತಪ್ಪದಂತೆ ಸರಿಮಾಡಿದರು. ನೆಗಿಶಿ ಒಳಗೆ ಕೂತರು, ಗಡಿಯಾರ ನೋಡಿದರು, ಇಳಿದುಬಂದರು. ಒಂದು ನಿಮಿಷವೂ ಆಗಿರಲಿಲ್ಲ. ಎಲ್ಲಿಗೂ ತಡವಾಗಬಾರದೆಂದು ಅವರು ಕಾರಿನ ಗಡಿಯಾರವನ್ನು ಯಾವಾಗಲೂ ನಾಲ್ಕು ನಿಮಿಷ ಮುಂದೆ ಇಟ್ಟುಕೊಳ್ಳುತ್ತಾರೆ. ಗಡಿಯಾರ ಸರಿಯಾಗಿದ್ದದ್ದೇ ತಪ್ಪಾಯಿತು.

ಹಾಗಾಗಿ ಇವತ್ತು ಒಳಗಿನ ಯಾವುದನ್ನೂ ಮುಟ್ಟುವ ಮೊದಲೇ ಫೋಟೊ ತೆಗೆಯುವ ಕೆಲಸ ನಡೆದಿದೆ. ಗಡಿಯಾರ, ಕನ್ನಡಿ ಎಷ್ಟು ವಾರೆ, ಸೀಟು ಎಷ್ಟು ಹಿಂದೆ, ರೇಡಿಯೊದಲ್ಲಿ ಯಾವ ಸ್ಟೇಷನ್ನು, ಬಾಗಿಲ ಗೂಡಿನಲ್ಲಿ ಅರ್ಧ ತಿಂದು ಮಡಚಿಟ್ಟ ಶುಂಠಿ ಮಿಠಾಯಿಯ ಪೊಟ್ಟಣದ ಬಾಯಿ ಯಾವ ಕಡೆ. ಅರವತ್ತೊಂದು ಫೋಟೊ. ಇಷ್ಟು ಫೋಟೊ ನನ್ನ ಮದುವೆಯಲ್ಲೂ ತೆಗೆದಿರಲಿಲ್ಲ ಎಂದೆ. ಆ ಮದುವೆಯನ್ನು ಯಾರೂ ಪರೀಕ್ಷೆ ಮಾಡಲು ಬರುವುದಿಲ್ಲವಲ್ಲ ಎಂದು ಉತ್ತರ ಬಂತು.

ಸಾಮಾನ್ಯವಾಗಿ ಕೆಲಸ ಹೀಗೆ. ಗಾಜಿನ ಪಕ್ಕದ ಕಂಬದ ಹೊದಿಕೆಯನ್ನು ಬಿದಿರಿನ ತೆಳು ಚಕ್ಕೆಯಿಂದ ಎಬ್ಬಿಸುತ್ತಾರೆ. ಚಳಿಗೆ ಪ್ಲಾಸ್ಟಿಕ್ ಪೆಡಸಾಗಿರುತ್ತದೆ, ಎಳೆದರೆ ಒಳಗಿನ ಕ್ಲಿಪ್ಪು ಮುರಿಯುತ್ತದೆ. ಅದಕ್ಕೆ ಮೊದಲು ಬಿಸಿನೀರಿನ ಚೀಲವನ್ನು ಹೊದಿಕೆಗೆ ಒತ್ತಿ ಹಿಡಿದು ಅದನ್ನು ಮೆತ್ತಗೆ ಮಾಡಿಕೊಳ್ಳುತ್ತಾರೆ. ವೈರನ್ನು ಕಾರ್ಖಾನೆಯವರೇ ಹಾಕಿದ ವೈರುಗಳ ಜೊತೆ, ಏರ್‌ಬ್ಯಾಗಿನ ಹಿಂದೆ ಇಳಿಸುತ್ತಾರೆ. ಮುಂದೆ ತಂದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಹೊತ್ತಿಗೆ ವೈರು ಅಡ್ಡ ಬಂದು ಜೀವ ಹೋದೀತು. ಇದೊಂದನ್ನು ಹೇಳುವಾಗ ಅವರ ಮುಖದಲ್ಲಿ ನಗು ಇರುವುದಿಲ್ಲ. ಬೈಪಾಸ್ ರಸ್ತೆಯಲ್ಲಿ ದೊಡ್ಡ ದೊಡ್ಡ ಅಂಗಡಿಗಳು ಬಂದು, ಅರ್ಧ ಗಂಟೆಯಲ್ಲಿ ಕೂರಿಸಿಕೊಡುತ್ತೇವೆ ಎಂದಾಗ ತಾಮಿಕೊ ಅವರ ಶೆಡ್ಡು ಎರಡು ವರ್ಷ ಹೆಚ್ಚುಕಡಿಮೆ ಖಾಲಿ ಬಿದ್ದಿತ್ತು. ಬಲಭುಜ ಹಿಡಿದುಕೊಂಡು ಕೈ ಮೇಲೆತ್ತಲಾಗದೆ ಒದ್ದಾಡಿದ್ದೂ ಅದೇ ಕಾಲ. ಕೆಲಸ ಇಲ್ಲದ ಆ ದಿನಗಳಲ್ಲಿ ಅವರು ತಮ್ಮದೇ ಹಳೆಯ ವ್ಯಾನಿನ ಹೊದಿಕೆಗಳನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಎಡಗೈಗೆ ಕಸುಬು ಕಲಿಸಿದರು. ಆಮೇಲೆ ಗಿರಾಕಿಗಳು ಒಬ್ಬೊಬ್ಬರೇ ಜೋತಾಡುವ ವೈರು ಹಿಡಿದುಕೊಂಡು ವಾಪಸ್ಸು ಬಂದರು.

ಒಂದು ಕಾರಿಗೆ ಸುಮಾರು ನಾಲ್ಕು ಮೀಟರ್ ವೈರು. ಗೇಣಿಗೊಂದರಂತೆ ಮೆತ್ತನೆಯ ಬಟ್ಟೆ ಟೇಪಿನ ಸುತ್ತು, ಎಲ್ಲೂ ಬಡಿಯದಿರಲಿ ಎಂದು. ಫ್ಯೂಸ್ ಪೆಟ್ಟಿಗೆಯಲ್ಲಿ ಚಾವಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗ ಹುಡುಕಿ ಒಂದು ತುದಿ, ಕಾರಿನ ಮೈಗೆ ತಾಗುವ ಬೋಲ್ಟಿಗೆ ಇನ್ನೊಂದು ತುದಿ. ಹೊಸ ತೂತು ಕೊರೆಯುವುದಿಲ್ಲ, ಹಳೆಯ ವೈರು ಕತ್ತರಿಸುವುದಿಲ್ಲ. ದಿನಕ್ಕೆ ಒಂದೇ ಕಾರು, ಅಪರೂಪಕ್ಕೆ ಎರಡು. ತಿಂಗಳಿಗೆ ಇಪ್ಪತ್ತೈದರ ಲೆಕ್ಕ ಹಿಡಿದರೂ ಇಪ್ಪತ್ತಾರು ವರ್ಷಕ್ಕೆ ಏಳು ಸಾವಿರ ಮೀರುತ್ತದೆ. ಊರಿನ ಸಂತೆಬೀದಿಯಲ್ಲಿ ನಿಂತರೆ ಹಾದುಹೋಗುವ ಕಾರುಗಳಲ್ಲಿ ಎಷ್ಟೋ ಕಾರುಗಳ ಒಳಗೆ ತಾಮಿಕೊ ಅವರ ಕೈಯಿದೆ, ಆದರೆ ಯಾವುದು ಎಂದು ಹೇಳಲು ಬರುವುದಿಲ್ಲ. ನನ್ನ ಕಾರಿನಲ್ಲೂ ಇದೆ. ಈ ಊರಿನಲ್ಲಿ ಕಾರಿನ ಸೀಟಿನ ಬಟ್ಟೆ ನೇಯುವ ಕಾರ್ಖಾನೆಯಲ್ಲಿ ದುಡಿಯುತ್ತ ನನಗೂ ಇಪ್ಪತ್ತೊಂದು ವರ್ಷವಾಯಿತು. ಅದರಲ್ಲಿ ಹದಿನೇಳು ವರ್ಷದಿಂದ ಈ ಹೆಂಗಸು ನನ್ನ ವೇಗಕ್ಕೆ ಕಡಿವಾಣ ಹಾಕಿದ್ದಾರೆ.

ಇದು ಕಳ್ಳದಾರಿ ತೋರಿಸುವ ಕೆಲಸವಲ್ಲವೇ ಎಂದು ಕೇಳುವವರೂ ಇದ್ದಾರೆ. ನಾನೂ ಕೇಳಿದೆ. "ಪೆಟ್ಟಿಗೆ ಏನು ಹೇಳತ್ತೆ? ನಿಧಾನ ಹೋಗು ಅನ್ನತ್ತೆ. ಮನುಷ್ಯ ನಿಧಾನ ಹೋಗ್ತಾನೆ. ಇದರಲ್ಲಿ ಕಳ್ಳ ಯಾರು?" ಎಂದು ತಿರುಗಿ ಕೇಳಿದರು. ಆಮೇಲೆ ದನಿ ತಗ್ಗಿಸಿ, ರಜೆಯ ದಿನ ಮಾಮೂಲಿ ಬಟ್ಟೆಯಲ್ಲಿ ಬಂದು ಕೂರಿಸಿಕೊಂಡು ಹೋದ ಪೊಲೀಸರೂ ಇದ್ದಾರೆ, ಯಾರೆಂದು ಮಾತ್ರ ಕೇಳಬೇಡಿ ಎಂದರು.

ಪ್ರತಿ ಕಾರಿನಲ್ಲೂ ಅವರು ಒಂದು ಗುರುತು ಬಿಡುತ್ತಾರೆ. ತಾಯಿಯ ಕಾಲದ ರೇಷ್ಮೆಯ ಚೂರು, ಉಗುರಿಗಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ಮಾಸದ ಶಾಯಿಯಲ್ಲಿ ತಾರೀಕು, ಯಾವ ಫ್ಯೂಸಿನಿಂದ ಕರೆಂಟು ತೆಗೆದದ್ದು, ಕೊನೆಗೆ "ತೊಂದರೆ ಕೊಟ್ಟೆ, ಕ್ಷಮಿಸಿ" ಎಂಬ ಮಾತು. ಇದನ್ನು ಹೊದಿಕೆಯ ಒಳಗೆ ವೈರಿಗೆ ದಾರದಿಂದ ಕಟ್ಟುತ್ತಾರೆ. ಮುಂದೆ ಎಂದಾದರೂ ಬೇರೆ ಕೆಲಸಗಾರ ಬಿಚ್ಚಿದರೆ ಪರದಾಡಬಾರದಲ್ಲ. ಇವತ್ತಿನ ಚೂರು ಎಂದಿನದಕ್ಕಿಂತ ಉದ್ದ ಇದೆ. ಕೊನೆಯಲ್ಲಿ ಇನ್ನೊಂದು ಸಾಲು ಬರೆಯುತ್ತಿದ್ದಾರೆ. ನಾನು ಇಣುಕಿದ್ದಕ್ಕೆ ಅಂಗೈ ಅಡ್ಡ ಹಿಡಿದರು, ಪರೀಕ್ಷೆಯಲ್ಲಿ ಪಕ್ಕದವರಿಗೆ ಉತ್ತರ ತೋರಿಸದ ಹುಡುಗಿಯ ಹಾಗೆ.

ಎಂಟು ಗಂಟೆಗೆ ಎಲ್ಲ ಮುಗಿದಿದೆ. ವೈರು ಹೋಗಿದೆ. ಯಾವ ದಾರಿಯಲ್ಲಿ ಎಂದು ಕಣ್ಣಾರೆ ನೋಡಿದರೂ, ಹೊದಿಕೆ ಕೂತ ಮೇಲೆ ನಾನೇ ನಂಬಲಾರೆ. ಗಡಿಯಾರ ನಾಲ್ಕು ನಿಮಿಷ ಮುಂದೆ. ಮಿಠಾಯಿಯ ಪೊಟ್ಟಣ ಅದರ ಜಾಗದಲ್ಲಿ. ತಾಮಿಕೊ ದೀಪವೆಲ್ಲ ಆರಿಸಿ, ಟಾರ್ಚನ್ನು ಡ್ಯಾಶ್‌ಬೋರ್ಡಿನ ಮಟ್ಟಕ್ಕೆ ಹಿಡಿದು, ಓರೆ ಬೆಳಕಿನಲ್ಲಿ ಕೊನೆಯ ಸಲ ನೋಡುತ್ತಾರೆ. ನೋಡಿದವರು ಹಾಗೇ ನಿಂತುಬಿಡುತ್ತಾರೆ. ಗುರು ಹೇಗೆ ನಿಲ್ಲುತ್ತಿದ್ದರೋ ಹಾಗೆ, ಸೊಂಟಕ್ಕೆ ಕೈಯಿಟ್ಟು.

ಡ್ಯಾಶ್‌ಬೋರ್ಡಿನ ಮೇಲೆ ತಟ್ಟೆಯಗಲ ಜಾಗ ಕನ್ನಡಿಯಂತೆ ಹೊಳೆಯುತ್ತಿದೆ. ಅಂಟು ಹಿಡಿಯಲೆಂದು ಅವರೇ ಚೆನ್ನಾಗಿ ಒರೆಸಿದ ಜಾಗ ಅದು. ಅದರಿಂದ ಒಂದು ಕೈಬೆರಳಿನಗಲದ ಹೊಳಪು ವೈರು ಇಳಿದ ಕಡೆಗೇ ಹೋಗಿದೆ. ಸುತ್ತ ಉಳಿದೆಲ್ಲ ಕಡೆ ಒಂದು ಚಳಿಗಾಲದ ದೂಳು. ನೆಗಿಶಿ ಅವರಿಗೆ ಟಾರ್ಚೂ ಬೇಡ. ಬಾಗಿಲು ತೆಗೆದರೆ ಸಾಕು, ದೂಳು ತಾನಾಗಿ ದಾರಿ ತೋರಿಸುತ್ತದೆ.

ಇಡೀ ಕಾರು ಒರೆಸಿಬಿಡಿ ಎಂದೆ. ಹೇಗೂ ಇಲ್ಲಿ ಕೆಲಸಕ್ಕೆ ಬಿಟ್ಟ ಕಾರು ತೊಳೆದೇ ವಾಪಸ್ಸು ಹೋಗುತ್ತದೆ. ತಾಮಿಕೊ ಬೇಡವೆಂದು ತಲೆಯಾಡಿಸಿದರು. ನೆಗಿಶಿ ಅವರ ಕಾರನ್ನು ಅವರು ಎಂದೂ ತೊಳೆದುಕೊಟ್ಟಿಲ್ಲ, ಕಾರು ಹೇಗೆ ಬಂತೋ ಹಾಗೇ ಹೋಗಬೇಕು ಎನ್ನುವುದೇ ಪಂದ್ಯ. ಎಲ್ಲ ಒರೆಸಿದರೆ ಎಲ್ಲ ಕಡೆ ಕೈ ಆಡಿದೆ ಎಂದು ತೋರಿಸಿದ ಹಾಗೆ. ಟೀ ತಣ್ಣಗಾಗುತ್ತಿದೆ. ಅವರು ಸ್ಟೂಲಿನ ಮೇಲೆ ಕೂತು ಆ ಹೊಳಪನ್ನೇ ನೋಡುತ್ತಿದ್ದಾರೆ. ಈಗ ಸೋತರೆ ಮತ್ತೊಂದು ಕಾರಿಲ್ಲ. ನಾಳೆಯಿಂದ ಅವರ ಗುರು ಕಾರು ಇಲ್ಲದ ಮನುಷ್ಯ, ಈ ಶೆಡ್ಡಿಗೆ ಬರಲು ಅವರಿಗೆ ಕಾರಣವೂ ಇರುವುದಿಲ್ಲ. ತಾಮಿಕೊ ಕಪ್ಪನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಾರೆ.

ಎಂಟೂ ಮುಕ್ಕಾಲಿಗೆ ತಗಡಿನ ಛಾವಣಿ ಒಮ್ಮೆ ಕಟಕಟ ಎಂದಿತು. ಗಾಳಿ ಬಂತು. ತಾಮಿಕೊ ತಲೆಯೆತ್ತಿದರು. ಒಂದು ಗಳಿಗೆ ಛಾವಣಿ ನೋಡಿದರು, ಒಂದು ಗಳಿಗೆ ಕಾರು ನೋಡಿದರು, ಆಮೇಲೆ ಜಿಗಿದೆದ್ದು ಶೆಡ್ಡಿನ ಶಟರನ್ನು ಕೊನೆಯವರೆಗೂ ಎತ್ತಿ, ಕಾರನ್ನು ಬಾಗಿಲವರೆಗೆ ತಂದು, ನಾಲ್ಕೂ ಬಾಗಿಲು ತೆರೆದಿಟ್ಟರು. ಅಕಾಗಿಯ ಗಾಳಿ ಗದ್ದೆಯ ಮಣ್ಣು ಹೊತ್ತು ನೇರ ಕಾರಿನೊಳಗೆ ನುಗ್ಗಿತು. ಪತ್ರಿಕೆ ಹಾರಿತು, ನನ್ನ ಟೋಪಿ ಹಾರಿತು. ತಾಮಿಕೊ ಟವೆಲಿನಿಂದ ಮೂಗು ಮುಚ್ಚಿಕೊಂಡು ನಿಂತಲ್ಲೇ ನಗುತ್ತಿದ್ದರು.

"ನಲವತ್ತು ವರ್ಷ ಈ ಗಾಳಿನ ಬೈದೆ. ಇವತ್ತು ಕೈಮುಗಿದು ಒಳಗೆ ಕರೀತಿದೀನಿ. ಗಿರಾಕಿ ಕಾರಿಗೆ ನಾನೇ ದೂಳು ಹಾಕಿಸ್ತಿದೀನಿ ಅಂತ ಬರೀಬೇಡಿ, ನಾಳೆಯಿಂದ ಯಾರೂ ಬರಲ್ಲ."

ಕ್ಷಮಿಸಿ ತಾಮಿಕೊ ಅವರೇ, ಬರೆದುಬಿಟ್ಟೆ.

ಹತ್ತು ಗಂಟೆಗೆ ಏರಿಯ ಮೇಲೆ ತಾತ ಮೊಮ್ಮಗಳು ನಡೆದುಬರುವುದು ಕಾಣುತ್ತದೆ. ಚಿಹಾರು ಕೈಯಲ್ಲಿ ಮಿಸೊ ಎಂಬ ಸೋಯಾ ಗೊಜ್ಜು ಸವರಿ ಸುಟ್ಟ, 'ಮಂಜು' ಎಂಬ ಹಿಟ್ಟಿನ ಉಂಡೆಗಳ ಪೊಟ್ಟಣ, ನೆಗಿಶಿ ಕೈಯಲ್ಲಿ ಬರಿಯ ಛತ್ರಿ. ಗುರುವಿನ ಕಣ್ಣಿಗೆ ಹೋದ ನವೆಂಬರಿನಲ್ಲಿ ಪೊರೆಯ ಆಪರೇಷನ್ ಆಗಿದೆ. ಈ ವಯಸ್ಸಿನ ಕಣ್ಣನ್ನು ಗೆದ್ದರೆ ಏನು ಗೆದ್ದ ಹಾಗೆ ಎಂದು ತಾಮಿಕೊ ಇಷ್ಟು ದಿನ ಚಿಂತೆ ಮಾಡಿದ್ದೇ ಬಂತು. ನೆಗಿಶಿ ಬಂದವರೇ ಶಿಷ್ಯೆಯ ಮುಖ ನೋಡಿ, "ಆಪರೇಷನ್ ಆದ್ಮೇಲೆ ಎಲ್ಲಾ ಚೆನ್ನಾಗಿ ಕಾಣ್ಸತ್ತೆ. ನಿನಗೆ ಇಷ್ಟು ಸುಕ್ಕು ಯಾವಾಗ ಬಂತು?" ಎಂದರು.

"ನಿಮ್ಮ ಹತ್ರ ಕೆಲಸಕ್ಕೆ ಸೇರಿದ ವಾರ ಬಂತು ಗುರುಗಳೇ" ಎಂದು ತಾಮಿಕೊ ಟೈಮರ್ ತಿರುಗಿಸಿದರು. ಅಡುಗೆಮನೆಯಲ್ಲಿ ನೂಡಲ್ಸ್ ಬೇಯಿಸಲು ಇಡುವ ಟೈಮರ್ ಅದು.

ಮುದುಕರು ಶೂ ಬಿಚ್ಚಿ ಒಳಗೆ ಕೂತರು. ಗಡಿಯಾರ ನೋಡಿದರು, ತುಟಿಯ ಒಂದು ಕೊನೆ ಸ್ವಲ್ಪ ಮೇಲಕ್ಕೆ ಹೋಯಿತು. ಕಂಬದ ಹೊದಿಕೆಯ ಅಂಚಿನಲ್ಲಿ ಬೆರಳ ತುದಿ ಓಡಿಸಿದರು, ರಬ್ಬರನ್ನು ಗೇಣುಗೇಣಿಗೆ ಒತ್ತಿ ನೋಡಿದರು, ಸ್ಕ್ರೂಗಳ ತಲೆಯಲ್ಲಿ ಹೊಸ ಗೀರು ಇದೆಯೇ ಎಂದು ಬಗ್ಗಿ ಹುಡುಕಿದರು. ಐದು ನಿಮಿಷ. ತಾಮಿಕೊ ಟವೆಲು ಹಿಂಡುತ್ತಿದ್ದಾರೆ, ಅದರಲ್ಲಿ ನೀರೇ ಇಲ್ಲ. ಏಳನೆಯ ನಿಮಿಷಕ್ಕೆ ನೆಗಿಶಿ ಡ್ಯಾಶ್‌ಬೋರ್ಡಿನ ಮೇಲೆ ಬೆರಳು ಎಳೆದು, ಅಂಟಿದ ದೂಳನ್ನು ಹೆಬ್ಬೆರಳಿನಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದರು.

"ಇದು ಇವತ್ತಿನ ದೂಳು" ಎಂದರು. ಆಮೇಲೆ ತೆರೆದ ಶಟರಿನ ಕಡೆ ನೋಡಿ ಅವರ ಭುಜ ಕುಲುಕತೊಡಗಿತು. ನೆಗಿಶಿ ನಗುತ್ತಿದ್ದರು. ಅವರು ನಗುವುದನ್ನು ಚಿಹಾರು ಕೂಡ ಅಪರೂಪಕ್ಕೆ ನೋಡಿರಬೇಕು, ಉಂಡೆ ಕಚ್ಚುವುದನ್ನು ಬಿಟ್ಟು ನೋಡುತ್ತ ನಿಂತಳು.

"ಗಾಳಿನೂ ಕೂಲಿಗೆ ಕರೆದಿದೀಯ."

"ಹಾಗಾದ್ರೆ ಜಾಗ ತೋರಿಸಿ ಗುರುಗಳೇ. ಎಲ್ಲಿ ಒರೆಸಿದೀನಿ?"

ಅವರು ತೋರಿಸಲಾರದೆ ಹೋದರು. ಎಲ್ಲೋ ಒರೆಸಿದ್ದಾಳೆ ಎಂದು ಗೊತ್ತು, ಎಲ್ಲಿ ಎಂದು ಗಾಳಿ ಹೇಳುತ್ತಿಲ್ಲ. ಟೈಮರ್ ಕಿರ್ ಎಂದಿತು. ನೆಗಿಶಿ ಅದು ಕೇಳಿಸದವರಂತೆ ಇನ್ನೂ ಐದು ನಿಮಿಷ ಹುಡುಕಿದರು. ತಾತ, ಕಿವಿಯ ಆಪರೇಷನ್ನೂ ಮಾಡಿಸಬೇಕಾ ಎಂದು ಮೊಮ್ಮಗಳು ಛೇಡಿಸಿದರೂ ಇಳಿಯಲಿಲ್ಲ. ಕೊನೆಗೆ, ಗೇಟಿಗೆ ಹೋಗೋಣ ಎಂದರು. ಈ ಕಾರನ್ನು ಅವರು ಓಡಿಸುವುದು ಇದೇ ಕೊನೆ. ನಾಲ್ವರೂ ಹತ್ತಿದೆವು. ಒಂಟಿ ಹಳಿಯ ರೈಲ್ವೆ ಗೇಟನ್ನು ಅವರು ನಿಧಾನಕ್ಕೆ ದಾಟಿದರು, ತಿರುಗಿಸಿ ಮತ್ತೆ ದಾಟಿದರು, ಮೂರನೆಯ ಸಲವೂ ದಾಟಿದರು. ಹಳಿಯ ಮೇಲೆ ಗಾಲಿ ಎದ್ದು ಬಿದ್ದ ಸದ್ದು, ಚಿಹಾರುವಿನ ಪೊಟ್ಟಣದ ಸರಪರ, ಇವೆರಡು ಬಿಟ್ಟರೆ ಕಾರಿನೊಳಗೆ ಏನೂ ಕೇಳಲಿಲ್ಲ.

ಶೆಡ್ಡಿಗೆ ವಾಪಸ್ಸು ಬಂದು, ಚಾವಿ ತೆಗೆದು ಮೊಮ್ಮಗಳ ಕೈಗಿಟ್ಟು, ನೆಗಿಶಿ ಶಿಷ್ಯೆಯ ಕಡೆ ತಿರುಗಿದರು. "ತಾಮಿಕೊ, ಎಲ್ಲಿ ಹೋಯ್ತು ಅದು?"

ನಲವತ್ತು ವರ್ಷದಲ್ಲಿ ಅವರು ತಾಮಿಕೊಗೆ ಸಾವಿರ ಪ್ರಶ್ನೆ ಕೇಳಿದ್ದಾರೆ. ಎಲ್ಲವೂ ತಮಗೆ ಉತ್ತರ ಗೊತ್ತಿದ್ದ ಪ್ರಶ್ನೆಗಳು. ಗೊತ್ತಿಲ್ಲದೆ ಕೇಳಿದ್ದು ಇದೇ ಮೊದಲು. ತಾಮಿಕೊ ಕಣ್ಣು ತುಂಬಿ ಬಂತು, ಟವೆಲಿನಿಂದ ಮುಖ ಒರೆಸಿಕೊಂಡು ದೂಳಿನ ಮೇಲೆ ನೆಪ ಹಾಕಿದರು.

"ಹೇಳಲ್ಲ. ಹುಡುಕಿ."

ಮುದುಕರು ಕಾರು ನೋಡಿದರು, ಹೊಳೆಯ ಏರಿ ನೋಡಿದರು. ಆಮೇಲೆ, ಭಾನುವಾರ ಚಿಹಾರುವಿಗೆ ರಜೆ ಇರುತ್ತದಲ್ಲ, ಮುಂದಿನ ವಾರ ಅವಳೇ ಕರೆದುಕೊಂಡು ಬರುತ್ತಾಳೆ, ಇನ್ನೂ ಹತ್ತು ನಿಮಿಷ ಬೇಕು ಎಂದರು. ಒಂದು ವಾರದಲ್ಲಿ ಸಿಗದಿದ್ದರೆ ಅದರ ಮುಂದಿನ ವಾರ. ಮೊಮ್ಮಗಳು ನನ್ನ ಭಾನುವಾರಗಳೆಲ್ಲ ಹೋದವು ಎಂದು ಹಣೆ ಚಚ್ಚಿಕೊಂಡಳು. ಚಚ್ಚಿಕೊಳ್ಳುತ್ತಲೇ ಡ್ರೈವರ್ ಸೀಟಿಗೆ ಹತ್ತಿ, ತಾತನಿಗೆ ಪಕ್ಕದ ಬಾಗಿಲು ತೆರೆದಳು.

ಕಾರು ಏರಿ ಹತ್ತಿ ಹೋದ ಮೇಲೆ ನಾವಿಬ್ಬರೂ ತಣ್ಣಗಾದ ಉಂಡೆ ತಿನ್ನುತ್ತ ಕೂತೆವು. ಈ ಕಾರಿನಲ್ಲಿ ವೈರು ಎಲ್ಲಿದೆ ಎಂದು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನೆಗಿಶಿ ಅವರಿಗೆ ಕನ್ನಡ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ತಾಮಿಕೊ ಒಪ್ಪಲಿಲ್ಲ. ಚಿಹಾರು ಫೋನಿನಲ್ಲಿ ಓದಿಸಿ ಹೇಳುತ್ತಾಳಂತೆ.

ಇನ್ನು ಏನು ಆಸೆ ಎಂದು ಕೇಳಿದೆ. ಬೋರ್ಡಿಗೆ ಹೊಸ ಬಣ್ಣವೋ, ಮೊಣಕಾಲಿಗೆ ಒಳ್ಳೆಯ ವೈದ್ಯರೋ ಎಂದುಕೊಂಡಿದ್ದೆ.

"ಅವರಿಗೆ ಅದು ಸಿಗದೇ ಇರ್ಲಿ. ಇನ್ನೊಂದು ಹತ್ತು ವರ್ಷ. ಪ್ರತಿ ಭಾನುವಾರ ಬಂದು, ಹುಡುಕಿ, ಟೀ ಕುಡಿದು, ನನ್ನನ್ನ ಬೈದು ಹೋಗ್ಲಿ."

ಹಟಮಾರಿ ಮನುಷ್ಯ, ಒಂದು ಭಾನುವಾರ ಸಿಕ್ಕಿಯೇಬಿಟ್ಟರೆ ಎಂದೆ. ತಾಮಿಕೊ ಬೆರಳಿಗೆ ಅಂಟಿದ ಮಿಸೊ ನೆಕ್ಕಿಕೊಂಡರು. ಬೆಳಿಗ್ಗೆ ಅಂಗೈ ಅಡ್ಡ ಹಿಡಿದು ರೇಷ್ಮೆಯ ಚೂರಿನ ಮೇಲೆ ಬರೆದ ಆ ಕೊನೆಯ ಸಾಲು ಏನೆಂದು ಆಗ ಹೇಳಿದರು.

"'ಸಿಕ್ಕಿದ ಮೇಲೂ ಬನ್ನಿ' ಅಂತ ಬರೆದಿದೀನಿ."